ನೆಲದ ಏಣಿ, ಗಾಡಿಯ ಏಣಿ: ಟ್ರಕ್ ಕ್ಯಾಂಪರ್ ಒಂದಕ್ಕೆ ಮೆಟ್ಟಿಲೇಣಿ ಆರಿಸಿದ ಪ್ರಕರಣ

ಪಿಕಪ್ ಟ್ರಕ್ಕಿನ ತೊಟ್ಟಿಯ ಮೇಲೆ ಕೂರಿಸುವ ಪುಟ್ಟ ಮನೆಯಂಥ ಕ್ಯಾಂಪರಿನಲ್ಲಿ ವರ್ಷದ ಕೆಲವು ತಿಂಗಳು ಊರೂರು ಸುತ್ತುವ ನನ್ನ ಅಕ್ಕ ಮತ್ತು ಭಾವನವರಿಗೆ ಏಣಿಯೊಂದನ್ನು ಆರಿಸಿಕೊಟ್ಟ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕೆಲಸ ಸಣ್ಣದು. ಆದರೆ ಅದಕ್ಕೆ ಮೊದಲು ಅಕ್ಕ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಿದ್ದಳು. ಆರು ವಾರ ಪಟ್ಟಿ ಕಟ್ಟಿಕೊಂಡೇ ಇರಬೇಕಾಯಿತು. ಬಲಗೈಗೆ ಆದದ್ದು ಸೊಂಟಕ್ಕೆ ಆಗಿದ್ದರೆ ಅವರ ತಿರುಗಾಟವೇ ಅಲ್ಲಿಗೆ ಮುಗಿಯುತ್ತಿತ್ತು ಎಂಬ ಎಣಿಕೆಯಿಂದಲೇ ನಾನು ಈ ವಿಷಯವನ್ನು ಇಷ್ಟು ವಿವರವಾಗಿ ನೋಡಿದೆ.

ಅವರ ಬಳಿ ಇದ್ದದ್ದು ಒಂದೇ ಏಣಿ: ಪೂರ್ತಿ ಎಳೆದಾಗ 3.2 ಮೀಟರ್ ಉದ್ದವಾಗುವ, ಮುಚ್ಚಿದಾಗ 88 ಸೆಂ.ಮೀ.ಗೆ ಇಳಿಯುವ, ಹತ್ತೂವರೆ ಕಿಲೋ ತೂಕದ ಅಲ್ಯೂಮಿನಿಯಂ ಟೆಲಿಸ್ಕೋಪಿಕ್ ಏಣಿ, ಅಂದರೆ ಕೊಳವೆಗಳು ಒಂದರೊಳಗೊಂದು ಸೇರಿಕೊಳ್ಳುವ ಏಣಿ. ಕ್ಯಾಂಪರಿನ ಹಿಂಬಾಗಿಲಿನ ಕೆಳಗೆ ಮೊದಲಿದ್ದ ಮಡಚು ಮೆಟ್ಟಿಲುಗಳು ಕಲ್ಲಿಗೆ ತಗಲಿ ಬಾಗಿದ ಮೇಲೆ ಭಾವನವರು ಅವನ್ನು ಬಿಚ್ಚಿಹಾಕಿ, ಒಳಗೆ ಹತ್ತುವುದಕ್ಕೂ ಚಾವಣಿಯ ಸೌರಫಲಕ ಒರೆಸುವುದಕ್ಕೂ ಈ ಒಂದನ್ನೇ ಸಾಕು ಮಾಡಿಕೊಂಡಿದ್ದರು. ಜಾಗವೂ ಉಳಿಯುತ್ತದೆ, ತೂಕವೂ ಉಳಿಯುತ್ತದೆ ಎಂಬ ಅವರ ಲೆಕ್ಕ ಮೇಲುನೋಟಕ್ಕೆ ಸರಿಯಾಗಿಯೇ ಇತ್ತು. ನಾನೂ ಆಗ ಅದನ್ನು ಒಪ್ಪಿಕೊಂಡಿದ್ದೆ.

ಬಿದ್ದದ್ದು ಹೇಗೆ

ಆ ಸಂಜೆ ಏಣಿಯನ್ನು ಸ್ವಲ್ಪ ಮಾತ್ರ ಎಳೆದು, ಮೇಲ್ತುದಿಯನ್ನು ಬಾಗಿಲಿನ ಹೊಸ್ತಿಲಿಗೆ ಒರಗಿಸಿ, ಬುಡವನ್ನು ಸುಮಾರು 60 ಸೆಂ.ಮೀ. ಹಿಂದಕ್ಕೆ ಇಟ್ಟಿದ್ದರು. ಹಾಗೆ ಇಟ್ಟರೆ ಏಣಿ ಮಲಗಿದಂತಾಗಿ, ಮನೆಯ ಮೆಟ್ಟಿಲಿನ ಹಾಗೆ ಇಳಿಯಲು ಸುಲಭವೆಂದು ಅಕ್ಕನಿಗೆ ಅನ್ನಿಸುತ್ತಿತ್ತು. ಅವಳು ಹೊರಗೆ ಮುಖ ಮಾಡಿ, ಒಂದು ಕೈಯಲ್ಲಿ ಪಾತ್ರೆ ಹಿಡಿದು, ಮೊದಲ ಪಟ್ಟಿಯ ಮೇಲೆ ಕಾಲಿಟ್ಟಳು. ಅದೇ ಕ್ಷಣದಲ್ಲಿ ಬಾಗಿಲ ಬಳಿ ನಿಂತಿದ್ದ ಭಾವನವರು ಒಳಗೆ ಮುಂಭಾಗದ ಹಾಸಿಗೆಯ ಕಡೆಗೆ ನಡೆದರು. ಏಣಿಯ ಬುಡ ಹಿಂದಕ್ಕೆ ಜಾರಿತು.

ಏಣಿಯ ಬುಡದ ರಬ್ಬರು ಸವೆದಿರಬೇಕು ಎಂದು ಭಾವನವರು ಹೇಳಿದರು. ರಬ್ಬರು ಚೆನ್ನಾಗಿಯೇ ಇತ್ತು. ನಾನು ಮಾರನೆಯ ದಿನ ಹೊಸ್ತಿಲಿನ ಪಕ್ಕ ನೆಲದಲ್ಲಿ ಒಂದು ಕೋಲು ನೆಟ್ಟು, ಅದರ ಮೇಲೆ ಗುರುತು ಹಾಕಿ, ಇಬ್ಬರನ್ನೂ ಬಾಗಿಲ ಬಳಿ ನಿಲ್ಲಿಸಿ, ಆಮೇಲೆ ಒಬ್ಬರನ್ನು ಕೆಳಗಿಳಿಸಿ ಇನ್ನೊಬ್ಬರನ್ನು ಒಳಗೆ ಮುಂದಕ್ಕೆ ಕಳುಹಿಸಿ ನೋಡಿದೆ. ಹೊಸ್ತಿಲು 2 ಸೆಂ.ಮೀ. ಮೇಲೆದ್ದಿತು. ಬಾಗಿಲು ಹಿಂದಿನ ಅಚ್ಚಿಗಿಂತ ಹಿಂದೆ ಚಾಚಿಕೊಂಡಿರುವುದರಿಂದ ಅಲ್ಲಿ ನಿಂತವರ ಭಾರ ಹಿಂದಿನ ಪಟ್ಟಿ ಸ್ಪ್ರಿಂಗುಗಳ ಮೇಲೆ ಸನ್ನೆಗೋಲಿನಂತೆ ಬೀಳುತ್ತದೆ. ಭಾರ ಸರಿದ ಕೂಡಲೇ ಗಾಡಿಯ ಹಿಂಭಾಗ ಅಷ್ಟೇ ವೇಗದಲ್ಲಿ ಎದ್ದು ನಿಲ್ಲುತ್ತದೆ. ಅಂದರೆ ಏಣಿಯ ಬುಡ ಅಲುಗದ ನೆಲದ ಮೇಲೆ, ತಲೆ ಅಲುಗುವ ಗಾಡಿಯ ಮೇಲೆ. ಗಾಡಿ ಎದ್ದಾಗ ಅದಕ್ಕೆ ಅಂಟಿಕೊಂಡಿದ್ದ ಮೇಲ್ತುದಿಯೂ ಸ್ವಲ್ಪ ಮೇಲಕ್ಕೆ ಎಳೆಯಲ್ಪಟ್ಟು, ಬುಡದ ಮೇಲಿನ ಒತ್ತಡ ಸಡಿಲವಾಯಿತು.

ಇದರ ಜೊತೆಗೆ ಕೋನದ ತಪ್ಪೂ ಸೇರಿತು. ಒರಗಿಸುವ ಏಣಿಗೆ ನಾಲ್ಕಕ್ಕೆ ಒಂದು ಎಂಬ ನಿಯಮವಿದೆ: ಏಣಿ ತಾಗುವ ಜಾಗ ನೆಲದಿಂದ ನಾಲ್ಕು ಅಳತೆ ಎತ್ತರವಿದ್ದರೆ ಬುಡ ಒಂದು ಅಳತೆ ದೂರವಿರಬೇಕು, ಆಗ ಕೋನ ಸುಮಾರು 75 ಡಿಗ್ರಿ ಆಗುತ್ತದೆ. 98 ಸೆಂ.ಮೀ. ಎತ್ತರದ ಹೊಸ್ತಿಲಿಗೆ ಬುಡ 25 ಸೆಂ.ಮೀ. ದೂರ ಇರಬೇಕಿತ್ತು, 60ಕ್ಕೆ ಇಟ್ಟಾಗ ಕೋನ 58 ಡಿಗ್ರಿಗೆ ಇಳಿದು, ಬುಡವನ್ನು ಹೊರಕ್ಕೆ ತಳ್ಳುವ ಬಲ ಎರಡರಷ್ಟಕ್ಕಿಂತ ಹೆಚ್ಚಾಗುತ್ತದೆ. ಆದರೆ 75 ಡಿಗ್ರಿಯಲ್ಲಿ ಇಟ್ಟಿದ್ದರೆ ಮೊಣಕಾಲು ನೋವಿನ ಅಕ್ಕ ಆ ಕಡಿದಾದ ಏಣಿಯಲ್ಲಿ ಪಾತ್ರೆ ಹಿಡಿದು ದಿನಕ್ಕೆ ಇಪ್ಪತ್ತು ಸಲ ಇಳಿಯುವುದು ಸಾಧ್ಯವೇ ಇರಲಿಲ್ಲ. ಆದ್ದರಿಂದ ಅವಳ ಮೇಲೆ ಅಥವಾ ಏಣಿಯ ಮೇಲೆ ತಪ್ಪು ಹೊರಿಸುವುದಕ್ಕಿಂತ, ಈ ಜಾಗಕ್ಕೆ ಒರಗಿಸುವ ಏಣಿಯೇ ಸಲ್ಲದು ಎಂದು ನಾನು ತೀರ್ಮಾನಿಸಿದೆ. ಸ್ಪ್ರಿಂಗಿನ ಮೇಲೆ ನಿಂತ ಮನೆಗೆ ಹತ್ತುವ ಮೆಟ್ಟಿಲು ಪೂರ್ತಿಯಾಗಿ ಗಾಡಿಗೆ ತೂಗಿಕೊಂಡಿರಬೇಕು, ಇಲ್ಲವೇ ಪೂರ್ತಿಯಾಗಿ ನೆಲದ ಮೇಲೆ ತನ್ನ ಕಾಲಲ್ಲಿ ತಾನೇ ನಿಂತಿರಬೇಕು.

ಅಳತೆ

ಗಾಡಿಗೆ ತೂಗುವ ಮಡಚು ಮೆಟ್ಟಿಲನ್ನೇ ಮತ್ತೆ ಹಾಕಿಸಬಹುದಿತ್ತು. ಅವರು ಹೋಗುವ ದಾರಿಗಳು ಹಾಳುಬಿದ್ದ ಮಣ್ಣಿನ ದಾರಿಗಳು. ತಗ್ಗಾಗಿ ನೇತಾಡುವ ಮೆಟ್ಟಿಲು ಎರಡನೆಯ ಸಲವೂ ಕಲ್ಲಿಗೆ ತಗಲುವುದು ಬಹುತೇಕ ಖಚಿತ. ಹಾಗಾಗಿ ನೆಲದ ಮೇಲೆ ನಿಲ್ಲುವ ಮಡಚು ಮೆಟ್ಟಿಲೇಣಿಯ ಕಡೆ ತಿರುಗಿದೆವು.

ಇಲ್ಲಿ ನಾನೇ ಒಂದು ತಪ್ಪು ಮಾಡಿದೆ. ಹೊಸ್ತಿಲಿನ ಎತ್ತರವನ್ನು ಮೊದಲು ಅಳೆದಾಗ ನೀರಿನ ತೊಟ್ಟಿ ಖಾಲಿಯಾಗಿತ್ತು, ಸಾಮಾನೂ ಇಳಿಸಿತ್ತು. ಟೇಪು 101 ಸೆಂ.ಮೀ. ತೋರಿಸಿತು. ನೂರು ಲೀಟರ್ ನೀರೆಂದರೆ ನೂರು ಕಿಲೋ ಎಂಬುದು ಆಮೇಲೆ ಹೊಳೆದು, ತೊಟ್ಟಿ ತುಂಬಿಸಿ, ಪ್ರಯಾಣಕ್ಕೆ ಒಯ್ಯುವ ಎಲ್ಲವನ್ನೂ ಏರಿಸಿ ಅಳೆದಾಗ 98 ಬಂತು. ಇಬ್ಬರೂ ಬಾಗಿಲ ಬಳಿ ನಿಂತರೆ 96. ಮರಳಿನ ಮೇಲೆ ಓಡಿಸಲು ಟೈರಿನ ಗಾಳಿ ಇಳಿಸಿದರೆ ಇನ್ನೂ ಸ್ವಲ್ಪ ತಗ್ಗುತ್ತದೆ. ಮೆಟ್ಟಿಲೇಣಿ ಕೊಳ್ಳುವವರು ಬಳಸುವ ಸ್ಥಿತಿಯಲ್ಲೇ ಗಾಡಿಯನ್ನು ಅಳೆಯಬೇಕು, ಏಕೆಂದರೆ ಮೆಟ್ಟಿಲುಗಳ ನಡುವಿನ ಅಂತರದಲ್ಲಿ ಒಂದೆರಡು ಸೆಂ.ಮೀ. ವ್ಯತ್ಯಾಸವನ್ನೂ ಕಾಲು ಗುರುತಿಸುತ್ತದೆ. ಒಂದೇ ಸಮ ಅಂತರಕ್ಕೆ ಒಗ್ಗಿದ ಹೆಜ್ಜೆ ಕತ್ತಲಲ್ಲಿ ಎಡವುವುದು ಆ ಸಮ ತಪ್ಪಿದ ಮೆಟ್ಟಿಲಿನಲ್ಲೇ.

ಭಾರದ ಲೆಕ್ಕವನ್ನೂ ಹಾಗೆಯೇ ಮಾಡಿದೆವು. ಭಾವನವರ ತೂಕ 92 ಕಿಲೋ. ಬಟ್ಟೆ, ಬೂಟು ಸೇರಿ 95. ಅವರು 20 ಲೀಟರ್ ನೀರಿನ ಕ್ಯಾನನ್ನು ಎತ್ತಿಕೊಂಡು ಒಳಗೆ ಹೋಗುವುದುಂಟು. ಕ್ಯಾನಿನ ತೂಕವೂ ಸೇರಿ ಒಟ್ಟು 116. ಅಮೆರಿಕದ ಎ.ಎನ್.ಎಸ್.ಐ. ಮಾನದಂಡದಲ್ಲಿ ಏಣಿಗಳಿಗೆ ಭಾರದ ದರ್ಜೆಗಳಿವೆ: ಮೂರನೆಯ ದರ್ಜೆಗೆ 200 ಪೌಂಡ್, ಅಂದರೆ ಸುಮಾರು 91 ಕಿಲೋ, ಎರಡನೆಯದಕ್ಕೆ 225 ಪೌಂಡ್, 102 ಕಿಲೋ, ಒಂದನೆಯದಕ್ಕೆ 250 ಪೌಂಡ್, 113 ಕಿಲೋ, ಒಂದು-ಎ ದರ್ಜೆಗೆ 300 ಪೌಂಡ್, 136 ಕಿಲೋ, ಅದಕ್ಕೂ ಮೇಲಿನದಕ್ಕೆ 375 ಪೌಂಡ್, 170 ಕಿಲೋ. ಯುರೋಪಿನ ಇ.ಎನ್. 131 ಮಾನದಂಡ 150 ಕಿಲೋ ಭಾರವನ್ನು ಇಟ್ಟುಕೊಂಡು, ಮನೆಬಳಕೆಗೂ ವೃತ್ತಿಬಳಕೆಗೂ ಬೇರೆ ಬೇರೆ ಪರೀಕ್ಷೆ ವಿಧಿಸುತ್ತದೆ. ಮನುಷ್ಯನ ತೂಕ ಮಾತ್ರ ನೋಡಿದ್ದರೆ ಎರಡನೆಯ ದರ್ಜೆಯೇ ಸಾಕೆನಿಸುತ್ತಿತ್ತು. ಹೊತ್ತ ಭಾರವನ್ನೂ ಕೂಡಿದಾಗ ಒಂದನೆಯ ದರ್ಜೆಯೂ ಸಾಲದು. ಹೀಗಾಗಿ 136 ಅಥವಾ 150 ಕಿಲೋ ಎಂದು ಚೀಟಿ ಅಂಟಿಸಿರುವ ಏಣಿಗಳನ್ನಷ್ಟೇ ಪರಿಗಣಿಸಿದೆವು. ಚೀಟಿಯೇ ಇಲ್ಲದ, ಎಷ್ಟೇ ಗಟ್ಟಿಯಾಗಿ ಕಾಣುವ ಏಣಿಗಳನ್ನು ಬಿಟ್ಟೆವು.

ಮೂರು ಮೆಟ್ಟಿಲೋ, ನಾಲ್ಕೋ

ಅಳತೆಗೆ ಹೊಂದುವ ಎರಡು ಏಣಿಗಳು ಉಳಿದವು. ಎರಡೂ ಅಲ್ಯೂಮಿನಿಯಂ, ಎರಡರಲ್ಲೂ ಮೆಟ್ಟಿಲುಗಳ ಅಂತರ 23 ಸೆಂ.ಮೀ., ಮೇಲ್ಮೆಟ್ಟಿಲು ಎರಡು ಪಾದ ಊರುವಷ್ಟು ಅಗಲ. ಮೂರು ಮೆಟ್ಟಿಲಿನದರ ಮೇಲ್ಮೆಟ್ಟಿಲು 69 ಸೆಂ.ಮೀ., ನಾಲ್ಕರದು 92. ಉಕ್ಕಿನವು ಇನ್ನೂ ಗಟ್ಟಿಯಾಗಿದ್ದರೂ ಉಕ್ಕಿನ ಸಾಂದ್ರತೆ ಅಲ್ಯೂಮಿನಿಯಮಿನ ಸುಮಾರು ಮೂರು ಪಟ್ಟು. ದಿನವೂ ತೆಗೆದಿಡುವ ವಸ್ತುವಿನಲ್ಲಿ ಆ ತೂಕ ಮಣಿಕಟ್ಟಿಗೇ ಬೀಳುತ್ತದೆ. ಫೈಬರ್‌ಗ್ಲಾಸ್ ಏಣಿಯ ಗುಣ ವಿದ್ಯುತ್ ಹರಿಯಗೊಡದಿರುವುದು, ಅದೂ ಒಣಗಿ ಶುಚಿಯಾಗಿದ್ದಾಗ. ಹೊಸ್ತಿಲಿನ ಕೆಲಸಕ್ಕೆ ಆ ಗುಣದ ಅಗತ್ಯವಿರಲಿಲ್ಲ.

ನಾಲ್ಕು ಮೆಟ್ಟಿಲಿನದು ಅಕ್ಕನಿಗೆ ಬಹಳ ಹಿಡಿಸಿತು. “ನೋಡು ತಮ್ಮಾ, ಇದು ಜಗಲಿ ಇದ್ದ ಹಾಗಿದೆ, ನಿಂತುಕೊಂಡು ಚಪ್ಪಲಿ ಬಿಡಬಹುದು” ಎಂದಳು. ಅವಳ ಮಾತಿನಲ್ಲಿ ಹುರುಳಿತ್ತು. ಆದರೆ ಅವಳನ್ನೇ ಅದರ ಮೇಲೆ ನಿಲ್ಲಿಸಿ ಬಾಗಿಲು ತೆಗೆಯಲು ಹೇಳಿದಾಗ ತೊಡಕು ಕಾಣಿಸಿತು. ಬಾಗಿಲು ಹೊರಕ್ಕೆ ತೆರೆಯುತ್ತದೆ. ಮೇಲ್ಮೆಟ್ಟಿಲ ಮೇಲೆ ನಿಂತವರು ಬಾಗಿಲು ಎಳೆದರೆ ಅದು ಅವರ ಎದೆಗೇ ಬರುತ್ತದೆ; ತಪ್ಪಿಸಿಕೊಳ್ಳಲು ಹಿಂದಕ್ಕೆ ಒಂದು ಮೆಟ್ಟಿಲು ಇಳಿಯಬೇಕು, ಅದೂ ಹಿಂದೆ ನೋಡದೆ. ಒಳಗಿನಿಂದ ಭಾವನವರು ತಿಳಿಯದೆ ಬಾಗಿಲು ತಳ್ಳಿದರೆ ಹೊರಗಿದ್ದವರು ಕೆಳಗೆ. ಜೊತೆಗೆ ಆ ಏಣಿಯ ಎತ್ತರದ ಕೈಹಿಡಿ ಬಾಗಿಲಿನ ದಾರಿಗೇ ಅಡ್ಡ ಬರುತ್ತಿತ್ತು. ಮೇಲ್ಮೆಟ್ಟಿಲಿನಿಂದ ಹೊಸ್ತಿಲಿಗೆ ಉಳಿಯುವ ಆರು ಸೆಂ.ಮೀ. ಕೂಡ ನನಗೆ ಒಪ್ಪಿಗೆಯಾಗಲಿಲ್ಲ: ಅದು ಮೆಟ್ಟಿಲೆಂದು ಕಾಲೆತ್ತಲು ಸಾಲದು, ಸಮತಟ್ಟೆಂದು ನಡೆಯಲು ಹೆಚ್ಚು.

ಮೂರು ಮೆಟ್ಟಿಲಿನದರಲ್ಲಿ ನೆಲದ ಮೇಲೆ, ಇಲ್ಲವೇ ಮೊದಲ ಮೆಟ್ಟಿಲ ಮೇಲೆ ಪಕ್ಕಕ್ಕೆ ನಿಂತು ಬಾಗಿಲು ತೆರೆದು, ಅದನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿ, ಆಮೇಲೆ ಹತ್ತಬಹುದು. ಕೊನೆಯ ಹೆಜ್ಜೆ ಮಾತ್ರ 29 ಸೆಂ.ಮೀ. ಆಗುತ್ತಿತ್ತು, ಉಳಿದವುಗಳಿಗಿಂತ ಆರು ಸೆಂ.ಮೀ. ಹೆಚ್ಚು. ಇದಕ್ಕೆ ಪರಿಹಾರ ಬೇರೊಂದು ಅಗತ್ಯದಿಂದ ತಾನಾಗಿ ಬಂತು.

ಆ ಅಗತ್ಯವೆಂದರೆ ಮೆತ್ತನೆಯ ನೆಲ. ಏಣಿಯ ನಾಲ್ಕು ಪಾದಗಳು ಒಂದೊಂದೂ ಸುಮಾರು 20 ಚದರ ಸೆಂ.ಮೀ., ಒಟ್ಟು 80. ಭಾವನವರು, ನೀರಿನ ಕ್ಯಾನು, ಏಣಿ ಎಲ್ಲ ಸೇರಿ 121 ಕಿಲೋ. ಅಂದರೆ ಪ್ರತಿ ಚದರ ಸೆಂ.ಮೀ.ಗೆ ಒಂದೂವರೆ ಕಿಲೋ. ಮಳೆ ನೆನೆದ ಮಣ್ಣಿನಲ್ಲಿ ಇದು ಒಂದು ಕಾಲನ್ನು ಹೂತುಹಾಕಲು ಸಾಕು, ಮತ್ತು ನಾಲ್ಕು ಕಾಲುಗಳೂ ಸಮನಾಗಿ ಹೂಳುವುದಿಲ್ಲ ಎಂಬುದೇ ಅಪಾಯ. 60ಕ್ಕೆ 75 ಸೆಂ.ಮೀ. ಅಳತೆಯ, 18 ಮಿ.ಮೀ. ದಪ್ಪದ ಪ್ಲೈವುಡ್ ಹಲಗೆಯನ್ನು ಕೆಳಗೆ ಹಾಸಿದರೆ ಅದೇ ಭಾರ 4500 ಚದರ ಸೆಂ.ಮೀ. ಮೇಲೆ ಹರಡಿ, ಒತ್ತಡ ಐವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಲಗೆಯ ದಪ್ಪದಿಂದ ಮೇಲ್ಮೆಟ್ಟಿಲು 71ಕ್ಕೆ ಏರಿತು, ಕೊನೆಯ ಹೆಜ್ಜೆ 27ಕ್ಕೆ ಇಳಿಯಿತು. ಇಬ್ಬರೂ ಬಾಗಿಲ ಬಳಿ ಇದ್ದಾಗ 25. ಅಕ್ಕನ ಮೊಣಕಾಲು ಇದನ್ನು ಒಪ್ಪಿತು. ಏರುತಗ್ಗಿನ ನೆಲದಲ್ಲಿ ಒಂದು ಕಾಲಿನ ಕೆಳಗೆ ಕಲ್ಲು, ಇಟ್ಟಿಗೆ ತುರುಕುವ ಅಭ್ಯಾಸ ಭಾವನವರಿಗಿತ್ತು. ಅದನ್ನು ಬಿಡಿಸಿ, ಎತ್ತರದ ಕಡೆಯ ಮಣ್ಣನ್ನೇ ಸ್ವಲ್ಪ ಕೆರೆದು ಹಲಗೆಯನ್ನು ಮಟ್ಟವಾಗಿ ಕೂರಿಸುವುದನ್ನು ರೂಢಿಮಾಡಿದೆವು.

ಏಣಿ ತಂದ ದಿನ ಇನ್ನೊಂದು ಅಡ್ಡಿ ಕಂಡಿತು. ಮೆಟ್ಟಿಲೇಣಿಯ ಹಿಂಗಾಲುಗಳು ಗಾಡಿಯ ಕಡೆಗೆ ಚಾಚುತ್ತವೆ. ಟ್ರೇಲರ್ ಎಳೆಯುವ ಗುಂಡಿನ ಹಿಡಿ ಬಂಪರಿನಿಂದ ಹೊರಗೆ ಚಾಚಿಕೊಂಡಿದ್ದುದರಿಂದ ಏಣಿ ಅದಕ್ಕೆ ತಗಲಿ, ಮೇಲ್ಮೆಟ್ಟಿಲಿಗೂ ಹೊಸ್ತಿಲಿಗೂ ಒಂದು ಗೇಣಿಗಿಂತ ಹೆಚ್ಚು ಕಂದಕ ಉಳಿಯಿತು. ಪಿನ್ನು ಎಳೆದರೆ ಆ ಹಿಡಿ ಕಳಚಿಬರುತ್ತದೆ. ಬೀಡುಬಿಟ್ಟ ಕಡೆ ಅದನ್ನು ಕಳಚಿಡುವುದೆಂದು ಗೊತ್ತುಮಾಡಿಕೊಂಡೆವು. ಏಣಿಯ ಮೇಲ್ತುದಿ ಮತ್ತು ಗಾಡಿಯ ನಡುವೆ ಎರಡು ಬೆರಳಿನಷ್ಟು ಬಿಡುವು ಮಾತ್ರ ಬೇಕೆಂದೇ ಇಟ್ಟೆವು, ಗಾಡಿ ಏಳುವಾಗ, ಕೂರುವಾಗ ಏಣಿಯನ್ನು ಮುಟ್ಟಬಾರದೆಂದು. ಏಣಿಯಲ್ಲಿ ಕೈಹಿಡಿ ಇಲ್ಲದಿರುವ ಕೊರತೆಗೆ ಬಾಗಿಲಿನ ಪಕ್ಕದ ಗೋಡೆಗೆ ಒಂದು ಉದ್ದನೆಯ ಹಿಡಿಯನ್ನು ಹಾಕಿಸಿದೆವು. ಅದರ ಬೋಲ್ಟುಗಳು ಹೊರಗಿನ ತಗಡಿಗೆ ಅಲ್ಲ, ಒಳಗಿನ ಚೌಕಟ್ಟಿಗೆ ಕೂತಿವೆ. ಬೀಳುವವರು ಹಿಡಿಯುವ ಹಿಡಿ ತಗಡನ್ನು ಕಿತ್ತುಕೊಂಡು ಬರಬಾರದು.

ಹಳೆಯ ಏಣಿಯ ಗತಿ

ಟೆಲಿಸ್ಕೋಪಿಕ್ ಏಣಿಯನ್ನು ಯಾರಿಗಾದರೂ ಕೊಟ್ಟುಬಿಡಬೇಕೆಂದು ಅಕ್ಕ ಹಟ ಹಿಡಿದಳು. ಅವಳನ್ನು ಬೀಳಿಸಿದ ವಸ್ತುವನ್ನು ಅವಳು ಮತ್ತೆ ನೋಡಲು ಇಷ್ಟಪಡದಿದ್ದುದು ಸಹಜ. ಆದರೆ ಚಾವಣಿಯ ಕೆಲಸಕ್ಕೆ ಅದೇ ಸರಿಯಾದದ್ದು ಎಂಬುದು ನನ್ನ ಅಭಿಪ್ರಾಯವಾಗಿತ್ತು, ಕಾರಣವನ್ನು ಅವಳಿಗೆ ಹೀಗೆ ವಿವರಿಸಿದೆ. ಬಾಗಿಲಲ್ಲಿ ನಾವು ಏಣಿಯಿಂದ ಗಾಡಿಗೆ, ಗಾಡಿಯಿಂದ ಏಣಿಗೆ ದಾಟುತ್ತೇವೆ, ಭಾರ ಇಲ್ಲಿಂದ ಅಲ್ಲಿಗೆ ಹೋಗುವುದೇ ಅಲ್ಲಿನ ಕೆಲಸ. ಚಾವಣಿಯ ಅಂಚಿಗೆ ಏಣಿ ಒರಗಿಸಿ, ಏಣಿಯ ಮೇಲೆಯೇ ನಿಂತು, ಉದ್ದ ಕೋಲಿನ ಬ್ರಷ್ಷಿನಿಂದ ಫಲಕ ಒರೆಸಿ ಇಳಿದರೆ ಭಾರವೆಲ್ಲ ಬಹುಪಾಲು ನೆಲಕ್ಕೇ ಹೋಗುತ್ತದೆ. 75 ಡಿಗ್ರಿಯಲ್ಲಿ ಗಾಡಿಯ ಮೇಲೆ ಬೀಳುವುದು ಹದಿನೈದು ಕಿಲೋ ಆಸುಪಾಸಿನ ಅಡ್ಡ ಒತ್ತಡ ಮಾತ್ರ. ಚಾವಣಿಗೆ ಕಾಲಿಟ್ಟ ಕ್ಷಣ ಮಾತ್ರ ಹಳೆಯ ಅಪಾಯ ಮರಳುತ್ತದೆ. ಆದ್ದರಿಂದ ಚಾವಣಿ ಹತ್ತುವುದಿಲ್ಲ ಎಂಬ ಮಾತನ್ನು ಭಾವನವರಿಂದ ತೆಗೆದುಕೊಂಡೆ. “ಆಯ್ತಪ್ಪಾ, ಕೈಗೆ ಎಟುಕಿದಷ್ಟೇ ಒರೆಸುತ್ತೇನೆ” ಎಂದರು.

ಅಲ್ಲಿನ ಲೆಕ್ಕವೂ ಹೊಂದಿತು. ಚಾವಣಿಯ ಅಂಚು 2.85 ಮೀಟರ್ ಎತ್ತರ, ಹಾಗಾಗಿ ಬುಡ 71 ಸೆಂ.ಮೀ. ದೂರ. ಭಾವನವರು ಆರನೆಯ ಪಟ್ಟಿಯ ಮೇಲೆ, ನೆಲದಿಂದ ಸುಮಾರು 1.7 ಮೀಟರ್ ಎತ್ತರದಲ್ಲಿ ನಿಂತರೆ ಎದೆ ಚಾವಣಿಯ ಮಟ್ಟಕ್ಕೆ ಬರುತ್ತದೆ; ಮೇಲಿನ ಮೂರು ಪಟ್ಟಿಗಳ ಮೇಲೆ ನಿಲ್ಲಬಾರದೆಂಬ ನಿಯಮ ಮುರಿಯುವ ಪ್ರಮೇಯವೇ ಇಲ್ಲ. ಇಷ್ಟೇ ಎತ್ತರಕ್ಕೆ ತಾನಾಗಿ ನಿಲ್ಲುವ ಮೆಟ್ಟಿಲೇಣಿ ಬೇಕೆಂದರೆ 2.4 ಮೀಟರಿನದು ಬೇಕಾಗುತ್ತಿತ್ತು, ಏಕೆಂದರೆ ಅಂಥ ಏಣಿಯಲ್ಲಿ ನೆತ್ತಿಯ ಮೇಲೂ ಅದರ ಕೆಳಗಿನ ಮೆಟ್ಟಿಲ ಮೇಲೂ ನಿಲ್ಲುವಂತಿಲ್ಲ. ಮಡಚಿದರೂ ಅಷ್ಟುದ್ದವೇ ಉಳಿಯುವ ಅದನ್ನು ಇಡಲು ಆ ಗಾಡಿಯಲ್ಲಿ ಜಾಗವಿರಲಿಲ್ಲ. ಕೀಲುಗಳಿಂದ ನಾಲ್ಕಾಗಿ ಮಡಚುವ ಬಹುಬಳಕೆಯ ಏಣಿಯನ್ನೂ ಎತ್ತಿ ನೋಡಿದೆವು; ಬೇಕಾದ ಎತ್ತರ ಕೊಡುವ ಗಾತ್ರದ್ದು ಭಾವನವರ ತೋಳಿಗೂ ಭಾರವೆನಿಸಿತು.

ಇ.ಎನ್. 131ರ 2018ರ ತಿದ್ದುಪಡಿಯ ಪ್ರಕಾರ ಮೂರು ಮೀಟರಿಗಿಂತ ಉದ್ದದ ಒರಗಿಸುವ ಏಣಿಗೆ ಅಗಲವಾದ ಬುಡ ಬೇಕು. ಅವರ ಏಣಿಯ ಜೊತೆಗೂ ಅಂಥ ಅಡ್ಡತೊಲೆ ಬಂದಿತ್ತು. ಜಾಗ ಉಳಿಸಲೆಂದು ಅದನ್ನು ಮನೆಯಲ್ಲೇ ಬಿಟ್ಟಿದ್ದರು! ಅದನ್ನು ತರಿಸಿ ಜೋಡಿಸಿದೆವು. ಮೇಲ್ತುದಿಗಳಿಗೆ ದಪ್ಪ ಬಟ್ಟೆ ಸುತ್ತಿ, ಕ್ಯಾಂಪರಿನ ಚೌಕಟ್ಟು ಹಾದುಹೋಗುವ ಅಂಚಿಗೇ ಒರಗಿಸುವುದು, ಪ್ರತಿಯೊಂದು ಪಟ್ಟಿಯ ಬೀಗವೂ ಎರಡೂ ಕಡೆ ಕಚ್ಚಿಕೊಂಡಿದೆಯೇ ಎಂದು ಕೈಯಾರೆ ನೋಡುವುದು, ಹೊಕ್ಕುಳು ಏಣಿಯ ಎರಡು ಕಂಬಗಳ ನಡುವಿನಿಂದ ಆಚೆ ಹೋಗದಂತೆ ಕೈಚಾಚುವುದು, ಅಕ್ಕ ಕೆಳಗೆ ಬುಡ ಹಿಡಿದಿರುವುದು, ಇಷ್ಟು ಕಟ್ಟುಪಾಡು. ತಲೆಯ ಮೇಲೆ ವಿದ್ಯುತ್ ತಂತಿ ಹಾದುಹೋಗಿರುವ ಕಡೆ ಈ ಏಣಿಯನ್ನು ಎಳೆಯುವುದೇ ಇಲ್ಲ. ಅಲ್ಯೂಮಿನಿಯಮಿನಲ್ಲಿ ವಿದ್ಯುತ್ ಹರಿಯುತ್ತದೆ, ಅದಕ್ಕೆ ಇದರಲ್ಲಿ ರಿಯಾಯಿತಿಯಿಲ್ಲ. ಕೊಳವೆಗಳಿಗೆ ಎಣ್ಣೆ ಹಾಕುವ ಅಭ್ಯಾಸವನ್ನೂ ನಿಲ್ಲಿಸಿದರು. ಎಣ್ಣೆಗೆ ಧೂಳು ಅಂಟಿ ಬೀಗದ ಪಿನ್ನುಗಳು ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿದ್ದವು. ಒಣಬಟ್ಟೆಯಿಂದ ಒರೆಸುವುದೇ ಸಾಕು.

ಇಡುವ ಜಾಗ, ನಾಲ್ಕು ತಿಂಗಳ ಬಳಿಕ

ಮೆಟ್ಟಿಲೇಣಿಯನ್ನು ಎಲ್ಲಿಡುವುದೆಂಬ ಪ್ರಶ್ನೆ ಕೊಳ್ಳುವ ಪ್ರಶ್ನೆಯಷ್ಟೇ ಮುಖ್ಯವಾಯಿತು. ಮೊದಲು ಕ್ಯಾಂಪರಿನ ಒಳಗೆ, ಹಾಸಿಗೆಯ ಪಕ್ಕ ಇಟ್ಟರು. ಒಳಗೆ ಹತ್ತಲು ಬೇಕಾದ ಮೆಟ್ಟಿಲನ್ನು ತರಲು ಮೊದಲು ಮೆಟ್ಟಿಲಿಲ್ಲದೆ ಒಳಗೆ ಹತ್ತಬೇಕು ಎಂಬುದು ಮೊದಲ ನಿಲ್ದಾಣದಲ್ಲೇ ಗೊತ್ತಾಯಿತು. ಬಾಗಿಲ ಹೊರಗೆ ಕೊಕ್ಕೆ ಹಾಕಿ ತೂಗಿಸಬಹುದಿತ್ತು; ಹಿಂದಿನ ಚಕ್ರಗಳು ಎಬ್ಬಿಸುವ ಧೂಳು, ಕೆಸರು ನೇರವಾಗಿ ಅದರ ಕೀಲುಗಳಿಗೆ ಬಡಿಯುತ್ತಿತ್ತು. ಕೊನೆಗೆ ಚಾಲಕನ ಹಿಂದಿನ ಸೀಟಿನ ಮೇಲೆ ಮಲಗಿಸಿ ಸೀಟ್‌ಬೆಲ್ಟಿನಿಂದ ಬಿಗಿದರು. ಐದು ಕಿಲೋ ವಸ್ತುವೂ ಗಟ್ಟಿಯಾಗಿ ಬ್ರೇಕು ಹಾಕಿದಾಗ ತಲೆಗೆ ಬಡಿಯಬಲ್ಲದು, ಬಿಗಿಯದೆ ಅಲ್ಲಿಡುವಂತಿಲ್ಲ.

ರಾತ್ರಿ ಏಣಿ ಹೊರಗೇ ಇರುತ್ತದೆ. ಯಾವುದಾದರೂ ಪ್ರಾಣಿ ತಳ್ಳಿದರೆ ಕತ್ತಲಲ್ಲಿ ಇಳಿಯುವವರು ಬರೀ ಗಾಳಿಗೆ ಕಾಲಿಡುತ್ತಾರೆ. ಅದಕ್ಕೆಂದು ಏಣಿಯನ್ನು ಒಂದು ಹುರಿಯಿಂದ ಬಂಪರಿಗೆ ಕಟ್ಟಿರುತ್ತಾರೆ, ಹುರಿಯಲ್ಲಿ ಒಂದು ಮೊಳ ಸಡಿಲ ಬಿಟ್ಟು. ಬಿಗಿದು ಕಟ್ಟಿದರೆ ಮತ್ತೆ ಗಾಡಿಯೂ ಏಣಿಯೂ ಒಂದನ್ನೊಂದು ಎಳೆಯುತ್ತವೆ. ಮೆಟ್ಟಿಲುಗಳ ಅಂಚಿಗೆ ಬಿಳಿ ಪಟ್ಟಿ ಅಂಟಿಸಿದೆ, ಹೊರಗೆ ಕಾಲಿಡುವ ಮೊದಲು ಟಾರ್ಚು ಹಾಕುತ್ತಾರೆ. ಏಣಿ ನೆಲದಲ್ಲಿರುವಷ್ಟು ಹೊತ್ತು ಸ್ಟೀರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿರುತ್ತದೆ, ಮರೆತು ಗಾಡಿ ಹೊರಡಿಸದಿರಲೆಂದು.

ನಾಲ್ಕು ತಿಂಗಳ ಬಳಕೆಯಲ್ಲಿ ಅಕ್ಕ ಒಮ್ಮೆಯೂ ಜಾರಿಲ್ಲ. ಈಗ ಅವಳು ಗಾಡಿಯ ಕಡೆಗೆ ಮುಖ ಮಾಡಿ, ಹಿಡಿ ಹಿಡಿದು ಇಳಿಯುತ್ತಾಳೆ. ಪಾತ್ರೆಯನ್ನು ಮೊದಲು ಹೊಸ್ತಿಲ ಮೇಲಿಟ್ಟು, ಇಳಿದ ಮೇಲೆ ಎತ್ತಿಕೊಳ್ಳುತ್ತಾಳೆ. ಕೊರತೆಗಳೂ ಉಳಿದಿವೆ. ಮೂರನೆಯ ತಿಂಗಳಲ್ಲಿ ಏಣಿಯ ಒಂದು ಪಾದದ ರಬ್ಬರು ಟೊಪ್ಪಿಗೆ ಸಡಿಲವಾಗಿ ಕಳಚಿತು, ಹೊಸದು ಹಾಕುವವರೆಗೆ ಎರಡು ದಿನ ಏಣಿ ಹಲಗೆಯ ಮೇಲೆ ಕುಂಟುತ್ತಿತ್ತು. ಮರಳುನೆಲದಲ್ಲಿ ಹಲಗೆಯ ಮೇಲೆ ಮರಳು ಸೇರಿ ಪಾದ ಜಾರುವಂತಾಗುತ್ತದೆ, ದಿನಕ್ಕೆರಡು ಸಲ ಗುಡಿಸಬೇಕು. ಭಾವನವರು ನೀರಿನ ಕ್ಯಾನು ಹೊತ್ತು ಹತ್ತುವುದನ್ನು ಇನ್ನೂ ಬಿಟ್ಟಿಲ್ಲ. ಏಣಿ ತಡೆಯುತ್ತದೆ ನಿಜ, ಆದರೆ ಹಿಡಿಗೆ ಉಳಿಯುವುದು ಒಂದೇ ಕೈ. ಕ್ಯಾನನ್ನು ಕೆಳಗೇ ಇಟ್ಟು ಕೊಳವೆ ಮತ್ತು ಸಣ್ಣ ಪಂಪಿನಿಂದ ನೀರೇರಿಸುವ ಏರ್ಪಾಡನ್ನು ಮುಂದಿನ ಪ್ರಯಾಣಕ್ಕೆ ಮೊದಲು ಮಾಡಿಕೊಡುವೆನೆಂದು ಹೇಳಿದ್ದೇನೆ. ಬೇಕಾದ ಕೊಳವೆಯ ಉದ್ದವನ್ನು ಅಳೆದಾಗಿದೆ.